ಎದುರು ಕುರ್ಚಿಯಲ್ಲಿ ಬಂದ ಮಾತು

ಹೋದ ಸೋಮವಾರ ಬೆಳಿಗ್ಗೆ ಆರೂ ಹತ್ತಕ್ಕೆ, ಎಂದಿನಂತೆ ಬೆಟ್ಟದ ಬುಡದವರೆಗೆ ನಡೆದು ಮನೆಗೆ ಹಿಂತಿರುಗುತ್ತಿದ್ದಾಗ, ಪಕ್ಕದ ಬೀದಿಯ ಒಂದು ಜಗಲಿಯಿಂದ ಆ ವಾಸನೆ ಬಂತು. ನೆನೆದ ಮೆಂತ್ಯದ ಕಹಿ, ಅದರ ಜೊತೆಗೆ ನೀರಿನಲ್ಲಿ ಕೊಳೆತ ಕಾಗದದ ಹುಳಿ. ಆ ಮನೆಯ ಅಜ್ಜಿ ಮೊಮ್ಮಕ್ಕಳ ಹಳೆಯ ನೋಟ್‌ಬುಕ್ಕುಗಳನ್ನು ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಬಿದಿರಿನ ಮೊರಕ್ಕೆ ಮೆತ್ತುತ್ತಿದ್ದಳು. ಸಂದುಗಳಲ್ಲಿ ಕಾಳು ಸೋರದಿರಲೆಂದು ನಮ್ಮ ಕಡೆಯ ಹೆಂಗಸರು ಹಿಂದಿನಿಂದಲೂ ಮಾಡುತ್ತಿದ್ದ ಕೆಲಸ ಅದು. ಪ್ಲಾಸ್ಟಿಕ್ ಮೊರ ಬಂದ ಮೇಲೆ ಮಾಡುವವರು ಕಡಿಮೆಯಾದರು.

ವಾಕಿಂಗ್ ಹೊರಟರೆ ನಡುವೆ ನಿಲ್ಲುವ ಅಭ್ಯಾಸ ನನಗಿಲ್ಲ. ಅವತ್ತು ನಿಂತೆ. ಆ ವಾಸನೆಯ ನಡುವೆ ನಾನು ವಾರಕ್ಕೆ ಎರಡು ದಿನದಂತೆ ಕೆಲವು ವರ್ಷ ಕೂತಿದ್ದೇನೆ, ಒಂದು ಕೋರ್ಟಿನ ಹಿಂಬದಿಯ ಕೋಣೆಯಲ್ಲಿ...

ಆ ಕೋಣೆ ಒಬ್ಬ ವಕೀಲರದು. ಅವರಿದ್ದಾಗಲೂ ನಾವು ಯಾರೂ ಹೆಸರು ಹಿಡಿದು ಕರೆದವರಲ್ಲ. ಬಾರ್‌ನಲ್ಲಿ ಅರವತ್ತು ಜನ ವಕೀಲರಿದ್ದರೂ ಬರೀ ‘ವಕೀಲರು’ ಎಂದರೆ ಅವರೊಬ್ಬರೇ. ನಾನು ಶಿರಸ್ತೇದಾರನಾಗಿದ್ದ ಕೋರ್ಟಿನಲ್ಲಿ ಮಧ್ಯಸ್ಥಿಕೆ ಕೇಂದ್ರ ತೆರೆದಾಗ ಅದರ ರಿಜಿಸ್ಟರು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ರಾಜಿಯಾಗಬಹುದು ಎನಿಸಿದ ಕೇಸನ್ನು ನ್ಯಾಯಾಧೀಶರು ಅಲ್ಲಿಗೆ ಕಳಿಸುವರು. ತರಬೇತಿ ಪಡೆದ ವಕೀಲರೊಬ್ಬರು ಎರಡೂ ಕಡೆಯವರನ್ನು ಕೂರಿಸಿಕೊಂಡು ಮಾತಾಡಿಸುವರು. ಅವರು ತೀರ್ಪು ಕೊಡುವ ಹಾಗಿಲ್ಲ, ಯಾರ ಪರವಾಗಿಯೂ ವಾದಿಸುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಒಬ್ಬ ಕಕ್ಷಿದಾರ ಒಂಟಿಯಾಗಿ ಕೂತು ಹೇಳಿದ್ದನ್ನು, ಅವನ ಒಪ್ಪಿಗೆ ಇಲ್ಲದೆ ಎದುರು ಕಡೆಯವರಿಗೆ ಹೇಳಬಾರದು. ನ್ಯಾಯಾಧೀಶರು ಕೇಳಿದರೂ ಹೇಳಬಾರದು. ಬರೆದುಕೊಂಡ ಟಿಪ್ಪಣಿಯನ್ನೂ ಉಳಿಸಿಕೊಳ್ಳಬಾರದು.

ಬೇರೆಯವರು ಟಿಪ್ಪಣಿಯನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದರು. ವಕೀಲರು ಮೂಲೆಯಲ್ಲಿ ಒಂದು ಮುಚ್ಚಳದ ಬಕೆಟ್ ಇಟ್ಟುಕೊಂಡಿದ್ದರು. ಅದರಲ್ಲಿ ನೀರು, ನೀರಿನಲ್ಲಿ ಒಂದು ಹಿಡಿ ಮೆಂತ್ಯ. ಒಂದು ಕೇಸಿನ ಮಾತು ಮುಗಿದ ಕೂಡಲೇ ಬರೆದ ಹಾಳೆಗಳನ್ನು ಅದರೊಳಗೆ ಅದ್ದಿ, ತೋಳು ಮಡಿಚಿ, ಅಕ್ಷರ ಕರಗುವ ತನಕ ಕೈಯಿಂದ ಹಿಸುಕುತ್ತಿದ್ದರು. ಶುಕ್ರವಾರ ಸಂಜೆ ಆ ಮುದ್ದೆಯನ್ನು ಹಿಂಡಿ ಮನೆಗೆ ಒಯ್ಯುವರು. ಅವರ ಅಕ್ಕ ಅದನ್ನು ರುಬ್ಬಿ ಮೊರಕ್ಕೆ, ಪುಟ್ಟಿಗೆ ಮೆತ್ತಿ, ಕೇಳಿದವರಿಗೆ ಕೊಡುವರು. ನಾಲ್ಕು ತಾಲ್ಲೂಕಿನ ಗುಟ್ಟುಗಳೆಲ್ಲ ಹೀಗೆ ಯಾರ್ಯಾರದೋ ಅಡುಗೆಮನೆಯಲ್ಲಿ ರಾಗಿ ತುಂಬಿಕೊಂಡು ಕೂತಿದ್ದವು. ನಮ್ಮ ಅಟೆಂಡರ್ ಹೆಂಗಸು, ಬಾಯಿ ಜೋರು, ಒಂದು ಮೊರ ಇಸಿದುಕೊಂಡಿದ್ದಳು.

“ಸಾ, ಆ ಮೊರದಾಗೆ ಕೇರಿದ್ರೆ ಹೊಟ್ಟು ಹಾರಕಿಲ್ಲ ಕಣ್ ಸಾ, ಗುಟ್ಟು ಹಾರ್ತದೆ. ಮನ್ಯಾಗ್ ಒಬ್ಳೇ ಇರೋವಾಗ ಕೇರಕ್ಕೇ ಭಯ,” ಎಂದು ನಗುತ್ತಿದ್ದಳು. ಆ ಮೊರವನ್ನು ಆಮೇಲೆ ತಂಗಿಯ ಮನೆಗೆ ಸಾಗಿಸಿದಳೆಂದು ಕೇಳಿದೆ.

ನನಗೆ ಆ ಬಕೆಟ್ ಕಂಡರೆ ಸಂಕಟವಾಗುತ್ತಿತ್ತು. ಮೂವತ್ತಾರು ವರ್ಷ ಒಂದು ಚೀಟಿಯನ್ನೂ ಕಳೆಯದೆ, ಕಡತಕ್ಕೆ ಪುಟಸಂಖ್ಯೆ ಹಾಕಿ, ದಾರ ಕಟ್ಟಿ ಇಟ್ಟ ಕೈ ನನ್ನದು. ಒಮ್ಮೆ ತಡೆಯದೆ ಕೇಳಿದೆ. “ಸರ್, ನಾಳೆ ಯಾರಾದರೂ ನಿಮ್ಮ ಮೇಲೆ ತಪ್ಪು ಹೊರಿಸಿದರೆ ತೋರಿಸುವುದಕ್ಕೆ ಏನಿರುತ್ತೆ ನಿಮ್ಮ ಹತ್ತಿರ?”

“ಏನೂ ಇರಲ್ಲ ಶಿರಸ್ತೇದಾರರೇ,” ಎಂದರು ವಕೀಲರು. “ಅದಕ್ಕೇ ಅಲ್ವೇ ಜನ ಹೇಳೋದು.”

ಕೋಣೆ ಮೊದಲು ರೆಕಾರ್ಡು ಕೋಣೆಯಾಗಿತ್ತು. ಇದ್ದದ್ದು ಒಂದೇ ಕಿಟಕಿ. ಆ ಕಿಟಕಿಯ ತುಂಬ ಬೆಟ್ಟದ ಬಂಡೆ. ಎಷ್ಟು ಬಗ್ಗಿ ನೋಡಿದರೂ ಆಕಾಶ ಕಾಣುತ್ತಿರಲಿಲ್ಲ. ವಕೀಲರು ಒಳಗೆ ಬಂದವರೇ ಫ್ಯಾನ್ ಆರಿಸುತ್ತಿದ್ದರು. ಕರಿ ಕೋಟನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕುತ್ತಿದ್ದರು. ಕಕ್ಷಿದಾರರ ಜೊತೆ ಬಂದ ಇಬ್ಬರು ವಕೀಲರೂ ಹಾಗೇ ಮಾಡಬೇಕು. ಮೂರು ಕೋಟುಗಳು ಸಾಲಾಗಿ, ತೋಳು ಇಳಿಬಿಟ್ಟುಕೊಂಡು, ಬಾಗಿಲಿಗೆ ಕಿವಿಗೊಟ್ಟ ಹಾಗೆ ನಿಂತಿರುತ್ತಿದ್ದವು. ಆ ದಾರಿಯಲ್ಲಿ ಓಡಾಡುವಾಗ ನಾನು ಗೋಡೆಯ ಇನ್ನೊಂದು ಬದಿಗೆ ಸರಿದು ನಡೆಯುತ್ತಿದ್ದೆ.

ಬಂದ ವಕೀಲರಿಗೆ ಅವರು ಮೊದಲು ಹೇಳುವ ಮಾತು ಒಂದೇ. “ಕೋರ್ಟ್ ಹಾಲಿನಲ್ಲಿ ನೀವು ನಿಮ್ಮ ಕಕ್ಷಿದಾರರ ಬಾಯಿ. ಇಲ್ಲಿ ಅವರ ಕಿವಿ ಆಗಿ.” ಆಮೇಲೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಎದುರು ಕಡೆಯವರ ಪರವಾಗಿ ಒಂದು ಪುಟ ಬರೆಯಿರಿ ಎನ್ನುತ್ತಿದ್ದರು. ಮೊದಮೊದಲು ಆ ಇಬ್ಬರೂ ಮುಖ ಗಂಟಿಕ್ಕುತ್ತಿದ್ದರು. ಬರೆಯುತ್ತ ಬರೆಯುತ್ತ ಕೆಲವರ ಪೆನ್ನು ನಿಂತುಬಿಡುತ್ತಿತ್ತು. ತಮ್ಮ ಕಕ್ಷಿದಾರನ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದರು...

ಕೊನೆಗೆ ಕುರ್ಚಿ ಬದಲು. ಅದು ಯಾವ ತರಬೇತಿಯಲ್ಲೂ ಇಲ್ಲ, ಅವರೇ ಮಾಡಿಕೊಂಡದ್ದು. ವಾದಿ ಪ್ರತಿವಾದಿಯ ಕುರ್ಚಿಯಲ್ಲಿ ಕೂತು, ತಾನೇ ಪ್ರತಿವಾದಿ ಎಂಬಂತೆ ಐದು ನಿಮಿಷ ಮಾತಾಡಬೇಕು. ‘ನಾನು’ ಎಂದೇ ಹೇಳಬೇಕು. ಯಾರೂ ನಡುವೆ ಬಾಯಿ ಹಾಕಬಾರದು. ಆಮೇಲೆ ಇನ್ನೊಬ್ಬನ ಸರದಿ. ವಾಚು ಹಿಡಿಯಲು, ಕೊನೆಗೆ ಒಪ್ಪಿದ ಷರತ್ತುಗಳನ್ನು ಬರೆದುಕೊಳ್ಳಲು ನನ್ನನ್ನು ಒಳಗೆ ಕರೆಯುತ್ತಿದ್ದರು.

ಕಳ್ಳಂಬೆಳ್ಳ ಕಡೆಯ ಇಬ್ಬರು ದಾಯಾದಿಗಳು ಕೆರೆ ನೀರಿನ ಸರದಿಗೆ ಹೊಡೆದಾಡಿ ಬಂದಿದ್ದರು. ಒಬ್ಬನಿಗೆ ಮೊಣಕಾಲು ನೋವು, ಕುಂಟುತ್ತಿದ್ದ. ಇನ್ನೊಬ್ಬ ಅವನ ಕುರ್ಚಿಯಲ್ಲಿ ಕೂತು, “ನಂಗೆ ಬೆಳಿಗ್ಗೆ ಎದ್ದೇಳಕ್ಕೇ ಆಗಕಿಲ್ಲ, ತೂಬಿನ ತಂಕ ನಡ್ಯದೆಂಗೆ, ಅದಕ್ಕೇ ರೇಗೋದು,” ಎಂದ. ಕುಂಟನಿಗೆ ನಗು ಬಂತು. “ಲೇ, ಇದ ಮೊದ್ಲೇ ತಿಳ್ಕಳಕ್ಕೆ ಏನಾಗಿತ್ಲಾ ನಿಂಗೆ!” ಎಂದ. ರಾಜಿಯಾಯಿತು. ಇಬ್ಬರೂ ಹೊರಟದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಚೆನ್ನಾಗಿದ್ದವನು ಗೇಟಿನ ತನಕ ಕುಂಟಿಕೊಂಡೇ ಹೋದ. ಅದನ್ನು ಯಾರಿಗೂ ಹೇಳಲಿಲ್ಲ. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿದ್ದಾಗ ಆ ಕೇಸು ಬಂತು. ಇದರಲ್ಲಿ ನಾನು ಬರೆಯುವುದೆಲ್ಲ ಆ ವಾದಿ ತಾನೇ ಆಮೇಲೆ ಬಾರ್‌ನ ಕೋಣೆಯಲ್ಲಿ ಹತ್ತಾರು ಜನರ ಎದುರು ಕೂಗಿ ಹೇಳಿದ್ದು, ಇಲ್ಲವೇ ಪ್ರತಿವಾದಿಯಾಗಿದ್ದ ಹೆಣ್ಣುಮಗಳು ಹೋದ ವಾರ ನನಗೆ ಹೇಳಿದ್ದು. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ರಾಯಚರ್ಲು ಕಡೆಯ ಒಂದು ಹಳ್ಳಿ. ಇಬ್ಬರು ಅಣ್ಣತಮ್ಮಂದಿರು. ಅಣ್ಣ ಲಾರಿ ಓಡಿಸಲು ಹೋದವನು ಹನ್ನೊಂದು ವರ್ಷದಿಂದ ಮನೆಗೆ ಬಂದಿರಲಿಲ್ಲ. ಸೋಲಾರ್‌ನವರು ಜಮೀನನ್ನು ಗುತ್ತಿಗೆಗೆ ಕೇಳಿದಾಗ ಅಣ್ಣನ ಸಹಿ ಬೇಕಾಯಿತು. ಏಳು ವರ್ಷಕ್ಕಿಂತ ಹೆಚ್ಚು ಕಾಲ ಸುಳಿವಿಲ್ಲದವನನ್ನು ಸತ್ತನೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ಘೋಷಿಸಬೇಕೆಂದು ತಮ್ಮ ದಾವೆ ಹಾಕಿದ. ಅಣ್ಣನ ಹೆಂಡತಿ ಪ್ರತಿವಾದಿ. ನನ್ನ ಗಂಡ ಸತ್ತಿಲ್ಲ ಎಂದು ಅವಳ ತಕರಾರು. ನಾಲ್ಕು ವರ್ಷ ಓಡಾಡಿದ ಮೇಲೆ ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಿದರು.

ಅವಳು ನಲವತ್ತೈದರ ಹೆಂಗಸು. ಹಣೆಯಲ್ಲಿ ಕಾಸಿನಗಲದ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ಅವಳ ಪರ ವಕೀಲೆ ಸಿರಾದ ಸಾಬರ ಹುಡುಗಿ, ಹೊಸದಾಗಿ ಸನದು ತೆಗೆದುಕೊಂಡವಳು. “ಅರೇ ಅಕ್ಕಾ, ಜಮೀನಿನಲ್ಲಿ ಅರ್ಧ ಪಾಲು ಕೊಡ್ತೀನಿ ಅಂತಿದ್ದಾನೆ, ಇನ್ನೇನು ಬೇಕು ಹೇಳು,” ಎಂದು ಹೊರಗಿನ ಬೆಂಚಿನಲ್ಲಿ ಕೂತು ಬೇಡುತ್ತಿದ್ದಳು.

“ಜಮೀನು ಹಾಳಾಗ್ಲಿ ಕಣಮ್ಮ,” ಎಂದಳು ಆ ಹೆಂಗಸು. “ಕಾಗ್ದ ನೋಡಿ ನಾನು ಹಣೆ ಒರಿಸ್ಕಬೇಕಾ? ನನ್ ಗಂಡ ಸತ್ತವ್ನೆ ಅಂದ್ರೆ ಸತ್ತಿದ್ ಕಂಡೋರು ಬಂದು ನನ್ ಮುಂದೆ ನಿಂತು ಹೇಳ್ಲಿ. ಅವತ್ತೇ ಬಳೆ ಒಡೀತೀನಿ.”

ಇಷ್ಟೇ ಅವಳ ಬೇಡಿಕೆ. ಅದನ್ನು ಯಾವ ಕೋರ್ಟೂ ಕೊಡುವ ಹಾಗಿರಲಿಲ್ಲ.

ಮೂರನೆಯ ಸಭೆಯ ದಿನ. ಹನ್ನೊಂದೂ ಹತ್ತಕ್ಕೆ ವಕೀಲರು ತಮ್ಮನನ್ನು ಒಂಟಿಯಾಗಿ ಒಳಗೆ ಕರೆದರು. ಒಂಟಿ ಮಾತಿನಲ್ಲಿ ಅವರು ಎದುರಿಗೆ ಕೂರುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಬಂಡೆ ನೋಡುತ್ತ, ಒಂದು ಕಿವಿಯನ್ನು ಮಾತ್ರ ಕಕ್ಷಿದಾರನಿಗೆ ಬಿಟ್ಟುಕೊಟ್ಟು ನಿಲ್ಲುತ್ತಿದ್ದರು. ಬಾಗಿಲು ಮುಚ್ಚಿತು. ನಾನು ರಿಜಿಸ್ಟರಿನಲ್ಲಿ ಹೊತ್ತು ಬರೆದೆ. ಹನ್ನೊಂದೂವರೆಗೆ ಕಾಫಿಗೆ ಹೋದೆ. ಹನ್ನೊಂದೂವರೆಯಿಂದ ಹನ್ನೊಂದೂ ನಲವತ್ತು ನನ್ನ ಕಾಫಿಯ ಹೊತ್ತು, ಸೇವೆಗೆ ಸೇರಿದ ದಿನದಿಂದಲೂ. ವಾಪಸು ಬಂದಾಗ ತಮ್ಮ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಮುಖ ಊದಿತ್ತು. ಆ ಹೆಂಗಸು ಬಾಗಿಲ ಬಳಿ ಇದ್ದಳು. ಅವನು ಹೊರಬಂದ ಹೊತ್ತನ್ನು ನಾನು ನೋಡಿರಲಿಲ್ಲ. ಹನ್ನೊಂದೂ ಮೂವತ್ತೈದು ಎಂದು ಅಂದಾಜಿನಲ್ಲಿ ಬರೆದೆ. ಕಾಫಿಯ ಹೊತ್ತಿನ ಕಾಲಂಗಳನ್ನು ಎಲ್ಲ ಗುಮಾಸ್ತರೂ ಹಾಗೇ ತುಂಬುತ್ತಿದ್ದರು.

ಐದು ನಿಮಿಷದಲ್ಲಿ ಎಲ್ಲರನ್ನೂ ಒಳಗೆ ಕರೆದರು. ನನ್ನನ್ನೂ. ಫ್ಯಾನ್ ಆರಿತ್ತು. ವಕೀಲರು ಎಂದಿನ ದನಿಯಲ್ಲಿ, “ಕುರ್ಚಿ ಬದಲಾಯಿಸಿ,” ಎಂದರು.

ಮೊದಲು ಅವನು ಅವಳ ಕುರ್ಚಿಯಲ್ಲಿ ಕೂತ. ಒಂದು ನಿಮಿಷ ತೊದಲಿ, “ನಾನು... ನಾನು ಕಾಯ್ತಾ ಇದ್ದೀನಿ,” ಎಂದಷ್ಟೇ ಹೇಳಿ ನೆಲ ನೋಡಿದ. ಅವಳ ಸರದಿ ಬಂತು. ಅವನ ಕುರ್ಚಿಯಲ್ಲಿ ಕೂತಳು. ಕೂತವಳು ಕೈಗಳೆರಡನ್ನೂ ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು. ಅವನು ಕೂರುವುದೇ ಹಾಗೆ. ಬಳೆ ಒಂದೂ ಸದ್ದು ಮಾಡಲಿಲ್ಲ. ಬಾಯಿ ತೆರೆದಾಗ ದನಿ ಅವಳದೇ. ಆದರೆ ಎಲ್ಲೋ ಕೆಳಗಿನಿಂದ, ಒಣಗಿದ ಬಾವಿಯ ತಳದಿಂದ ಬಂದ ಹಾಗಿತ್ತು.

“ಫೋನ್ ಬಂತು. ನಾನೊಬ್ನೇ ಹೋದೆ. ಅವ್ವಂಗೆ ಮೈ ಸರಿ ಇರ್ಲಿಲ್ಲ, ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಅಣ್ಣನ್ನ ಅಲ್ಲಿ ಮಲಗ್ಸಿದ್ರು. ಬಟ್ಟೆ ಎತ್ತಿ ಮುಖ ನೋಡಪ್ಪಾ ಅಂದ್ರು. ನಾನು ಎತ್ತಲಿಲ್ಲ. ಕೈ ಬರ್ಲಿಲ್ಲ. ಕಾಲ್ ಕಡೆ ಹೋಗಿ ನಿಂತ್ಕಂಡೆ. ಎಡಗಾಲಿನ ಹಳೇ ಗಾಯ ನೋಡ್ದೆ. ಇವ್ನೇ ಅಂದೆ. ನಾನೇ ಬೆಂಕಿ ಇಟ್ಟೆ. ವದಿನಂಗೆ ನಾಳೆ ಹೇಳಾನ ಅನ್ಕಂಡೆ. ನಾಳೆ ಹೇಳಾನ ಅನ್ಕಂಡೆ...”

ವದಿನ ಎಂದರೆ ಆ ಕಡೆಯ ಮಾತಿನಲ್ಲಿ ಅತ್ತಿಗೆ. ತನ್ನನ್ನು ತಾನೇ ಅವಳು ಹಾಗೆ ಕರೆದುಕೊಂಡಳು.

ಕೈಯಲ್ಲಿ ವಾಚಿತ್ತು. ಎಷ್ಟು ಹೊತ್ತು ಎಂದು ನೋಡಲಿಲ್ಲ. ಸಿರಾದ ಹುಡುಗಿ ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ತಮ್ಮ ಎದ್ದು ನಿಂತ. ಅತ್ತಿಗೆಯ ಕಡೆ ನೋಡಲಿಲ್ಲ, ವಕೀಲರ ಕಡೆ ತಿರುಗಿದ.

“ಹೇಳ್ಬುಟ್ರಲ್ಲಾ ಸಾರ್! ಅರ್ಧ ಗಂಟೆ ಹಿಂದೆ ನಿಮ್ಗೊಬ್ರಿಗೆ ಹೇಳಿದ್ದು! ಮುಖ ನೋಡ್ಲಿಲ್ಲ ಅನ್ನೋದು ನಾನು ಕಟ್ಕೊಂಡೋಳಿಗೂ ಹೇಳಿಲ್ಲ. ನಿಮ್ ಕೈ ಮುಗಿದು ಹೇಳಿದ್ದೆ ಸಾರ್...”

ಅಲ್ಲಿಗೆ ಅವನು ಒಪ್ಪಿಕೊಂಡ ಹಾಗಾಯಿತು. ವಕೀಲರ ಮುಖದಲ್ಲಿ ಬಣ್ಣವಿರಲಿಲ್ಲ. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಹೆಂಗಸು ಕೈಗಳನ್ನು ಬಿಡಿಸಿಕೊಂಡಳು. ಬಳೆ ಸದ್ದಾಯಿತು. “ಮೀಸೆ ಬೋಳಿಸ್ಕಂಡು ಬಂದೆ ನೀನು ಅವತ್ತು,” ಎಂದಳು ಮೈದುನನಿಗೆ, ಈಗ ತನ್ನ ದನಿಯಲ್ಲಿ. “ಕ್ಷೌರದೋನ್ ಕೈ ಜಾರ್ತು ಅಂದೆ. ಹನ್ನೊಂದು ದಿವ್ಸ ದೇವರ್ಮನೆ ಹೊಸ್ಲು ತುಳೀಲಿಲ್ಲ. ಹಣೆಗೆ ಇಬೂತಿ ಇಕ್ಕಲಿಲ್ಲ. ಆಚೆ ಜಗಲಿ ಮ್ಯಾಲೆ ಮಲಗ್ದೆ. ಎಣಿಸ್ತಿದ್ದೆ ಕಣೋ ನಾನು. ಹನ್ನೆರಡನೇ ದಿನ ತಲೆಗೆ ನೀರಾಕ್ಕಂಡು ಬಂದಾಗ್ಲೇ ಗೊತ್ತಾಯ್ತು. ಸೂತಕ ಹಿಡಿಯಕ್ಕಾಯ್ತು, ಬಾಯ್ಬಿಟ್ಟು ಹೇಳಕ್ಕಾಗ್ಲಿಲ್ವಾ ನಿಂಗೆ?”

“ಆಗ್ಲಿಲ್ಲ ವದಿನಾ,” ಎಂದ ಅವನು. ಆಮೇಲೆ ಮಗುವಿನ ಹಾಗೆ ಅತ್ತ. ಕಾಯಿಲೆಯಲ್ಲಿದ್ದ ತಾಯಿಗೆ ಗೊತ್ತಾಗಬಾರದೆಂದು ಒಂದು ದಿನ ಮುಂದಕ್ಕೆ ಹಾಕಿದ ಮಾತು. ತಾಯಿ ಹೋದ ಮೇಲೂ ಬಾಯಿಗೆ ಬರಲಿಲ್ಲ. ದಿನ ಕಳೆದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೇ ಸಾವಿಗಿಂತ ದೊಡ್ಡದಾಯಿತು.

“ಯಾವೂರು?” ಎಂದು ಕೇಳಿದಳು. ಅವನು ಅನಂತಪುರದಾಚೆಯ ಒಂದು ಊರಿನ ಹೆಸರು ಹೇಳಿದ.

ಷರತ್ತುಗಳನ್ನು ನಾನೇ ಬರೆದುಕೊಂಡೆ. ಮೊದಲನೆಯದು ಜಮೀನಲ್ಲ. ವಾದಿಯು ಪ್ರತಿವಾದಿಯನ್ನು ತನ್ನ ಅಣ್ಣನ ಶವಸಂಸ್ಕಾರ ಮಾಡಿದ ಸ್ಥಳಕ್ಕೆ ಸ್ವತಃ ಕರೆದೊಯ್ದು ತೋರಿಸತಕ್ಕದ್ದು. ಅದನ್ನು ಬರೆಸಿದ್ದು ಸಿರಾದ ಹುಡುಗಿ, ಒಪ್ಪಿಸಿದ್ದು ತಮ್ಮನ ವಕೀಲ. ಇಬ್ಬರೂ ಅವತ್ತು ನಿಜವಾಗಿ ಕಿವಿಗಳಾಗಿದ್ದರು. ಎಲ್ಲರೂ ಸಹಿ ಹಾಕಿ ಹೊರಟರು. ವಕೀಲರು ಟಿಪ್ಪಣಿಯ ಹಾಳೆಗಳನ್ನು ಬಕೆಟ್ಟಿಗೆ ಹಾಕಿದರು. ಎಷ್ಟೋ ಹೊತ್ತು ಹಿಸುಕಿದರು. ಕರಗಿ ಮುಗಿದ ಮೇಲೂ ಹಿಸುಕುತ್ತಲೇ ಇದ್ದರು.

ಎರಡು ವಾರದ ಮೇಲೆ ತಮ್ಮ ತಿರುಗಿ ಬಂದ. ಊರಿನಲ್ಲಿ ಜನ ಅವನ ಮುಖಕ್ಕೆ ಉಗಿದಿದ್ದರು. ರಾಜಿ ಬೇಕು, ಆದರೆ ತನ್ನ ಗುಟ್ಟು ಮಾರಿದ ವಕೀಲರನ್ನು ಬಿಡುವುದಿಲ್ಲ ಎಂದು ಬಾರ್‌ನ ಕೋಣೆಯಲ್ಲಿ ಕೂಗಾಡಿದ. ದೂರು ಬರೆದುಕೊಟ್ಟ. ನ್ಯಾಯಾಧೀಶರು ಖಾಸಗಿ ಕೋಣೆಗೆ ಕರೆದು ವಿಚಾರಿಸಿದರು. ವಕೀಲರ ಉತ್ತರ ಒಂದೇ ಸಾಲಿನದು. “ಆ ಕೋಣೆಯಲ್ಲಿ ಯಾರು ಏನು ಹೇಳಿದರು, ಏನು ಹೇಳಲಿಲ್ಲ ಎಂಬುದನ್ನು ನಾನು ಹೇಳುವ ಹಾಗಿಲ್ಲ.” ತಾನು ಹೇಳಲಿಲ್ಲ ಎನ್ನಲೂ ಅವರು ಒಪ್ಪಲಿಲ್ಲ. ಅದೂ ಆ ಕೋಣೆಯ ಮಾತೇ ಆಗುತ್ತದೆಯೆಂದರು.

ಆಮೇಲೆ ನನ್ನನ್ನು ಕರೆದರು. ತಮ್ಮ ಹೊರಬಂದ ಮೇಲೆ, ಎಲ್ಲರೂ ಒಳಹೋಗುವ ಮುಂಚೆ, ವಕೀಲರು ಆ ಹೆಂಗಸಿನ ಜೊತೆ ಒಂಟಿಯಾಗಿ ಮಾತಾಡಿದರೇ? ನನ್ನ ರಿಜಿಸ್ಟರು ಮೇಜಿನ ಮೇಲೆ ತೆರೆದಿತ್ತು. ಅಂದವಾದ ಅಕ್ಷರ. ಹನ್ನೊಂದೂ ಮೂವತ್ತೈದು. ನಾನು ಸುಳ್ಳು ಹೇಳಲಾರದೆ ಹೇಳಿದೆ. ಆ ಹತ್ತು ನಿಮಿಷ ನಾನು ಅಲ್ಲಿರಲಿಲ್ಲ ಸ್ವಾಮಿ. ಅದು ಅಂದಾಜಿನ ಮೇಲೆ ಬರೆದದ್ದು.

ಮೇಜಿನಾಚೆ ನಿಂತಿದ್ದ ವಕೀಲರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಬಂಡೆಯನ್ನು ನೋಡುವ ಹಾಗೆ ನೋಡಿದರು.

ಆ ಹೆಣ್ಣುಮಗಳನ್ನೇ ಕರೆಸಿ ಕೇಳೋಣ ಎಂದಾಗ ವಕೀಲರು, “ಬೇಡ. ಅವರು ಈಗಷ್ಟೇ ಬಳೆ ತೆಗೆದಿದ್ದಾರೆ, ಮತ್ತೆ ಕೋರ್ಟಿಗೆ ಎಳೆಯಬೇಡಿ,” ಎಂದರು. ಅವತ್ತೇ ಮಧ್ಯಸ್ಥಿಕೆಯ ಪಟ್ಟಿಯಿಂದ ಹೆಸರು ತೆಗೆಯಲು ಬರೆದುಕೊಟ್ಟರು. ವಿಚಾರಣೆ ಅಲ್ಲಿಗೆ ನಿಂತಿತು. ಯಾರೂ ಅವರನ್ನು ತಪ್ಪಿತಸ್ಥರೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಬಕೆಟ್ ಮೂರು ತಿಂಗಳು ಮೂಲೆಯಲ್ಲೇ ಇತ್ತು. ಮುಚ್ಚಳ ತೆಗೆಯಲು ಅಟೆಂಡರ್ ಒಪ್ಪಲಿಲ್ಲ. ಕೊನೆಗೆ ನಾನೇ ಹೊರಗೆ ಚೆಲ್ಲಿದೆ. ನೀರು ಒಣಗಿ, ತಳದಲ್ಲಿ ಬೂದು ಬಣ್ಣದ ಒಂದು ಬಿಲ್ಲೆ ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿಯಲಿಲ್ಲ, ಕಾಲಿನಿಂದ ಗುಂಡಿಗೆ ತಳ್ಳಿದೆ...

ನಾನು ಲೆಕ್ಕಾಚಾರದ ಮನುಷ್ಯ. ಅವನು ಒಬ್ಬರಿಗೆ ಹೇಳಿದ, ಅರ್ಧ ಗಂಟೆಯಲ್ಲಿ ಅದು ಅವಳ ಬಾಯಿಂದ ಬಂತು. ನಡುವೆ ಇದ್ದವರು ಒಬ್ಬರೇ. ಅವರೇ ಹೇಳಿರಬೇಕು ಎಂದು ನಾನೂ ನಂಬಿದೆ. ಅವಳ ಸಂಕಟ ನೋಡಲಾರದೆ, ಕರುಣೆಯಿಂದ ಹೇಳಿದರೆಂದು ನಂಬಿದೆ. ಆ ಕರುಣೆಗಾಗಿ ಅವರ ಮೇಲೆ ಗೌರವ ಹೆಚ್ಚಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ನಿವೃತ್ತಿಯ ಮರುವಾರ ಕೊರಟಗೆರೆ ರಸ್ತೆಯ ಅವರ ಮನೆಗೆ ಹೋದೆ. ಅವರ ಅಕ್ಕ ಕಾಫಿ ತಂದಿಟ್ಟರು. ಮನಸ್ಸಿನಲ್ಲಿ ಇದ್ದದ್ದನ್ನು ಆಡಿಬಿಡುವುದು ಮರ್ಯಾದೆ ಎನಿಸಿತು.

“ನೀವು ಆ ಹೆಣ್ಣುಮಗಳಿಗೆ ಹೇ‌ಳಿದ್ದು ತಪ್ಪಲ್ಲ ಬಿಡಿ ಸರ್. ನಿಮ್ಮ ಜಾಗದಲ್ಲಿ ನಾನಿದ್ದರೂ ಹೇಳ್ತಿದ್ದೆ.”

ವಕೀಲರು ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ, “ಕಾಫಿ ಆರ್ತಾ ಇದೆ, ಕುಡೀರಿ,” ಎಂದರು. ಗೇಟಿನ ತನಕ ಬಂದು ಬೀಳ್ಕೊಟ್ಟರು. ಮತ್ತೆ ಬನ್ನಿ ಎನ್ನಲಿಲ್ಲ. ಆಮೇಲೆ ಎರಡು ಸಲ ಪೇಟೆಯಲ್ಲಿ ಎದುರಾದರು. ನಮಸ್ಕಾರ ಮಾಡಿದೆ, ಅವರೂ ಮಾಡಿದರು. ಈ ವರ್ಷ ಶಿವರಾತ್ರಿಯಾದ ಮೂರನೆಯ ದಿನ ತೀರಿಕೊಂಡರು. ನಾನು ಹೋಗಿದ್ದೆ. ಸರಿಯಾದ ಹೊತ್ತಿಗೆ ಹೋಗಿ, ಹೂವಿಟ್ಟು, ಸರಿಯಾದ ಹೊತ್ತಿಗೆ ಹಿಂತಿರುಗಿ ಬಂದೆ.

ಇಷ್ಟೆಲ್ಲ ಆ ಜಗಲಿಯ ಮುಂದೆ ನಿಂತಾಗ ನೆನಪಾದದ್ದು. ಅದಾಗಿ ನಾಲ್ಕನೆಯ ದಿನ, ಶುಕ್ರವಾರ, ಒಂದು ಗೃಹಪ್ರವೇಶಕ್ಕೆಂದು ಪಾವಗಡಕ್ಕೆ ಹೋಗಿದ್ದೆ. ಮಧ್ಯಾಹ್ನ ಎರಡೂ ಹದಿನೈದರ ಬಸ್ಸಿಗೆ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಬೋಳು ಹಣೆಯ ಒಬ್ಬ ಹೆಂಗಸು ಹತ್ತಿರ ಬಂದಳು.

“ಸಾ, ನೀವು ಕೋರ್ಟಿನ್ ಸಾ ಅಲ್ವಾ? ವಾಚ್ ಹಿಡ್ಕಂಡು ಕುಂತಿದ್ರಲ್ಲ?”

ಗುರುತು ಸಿಕ್ಕಿತು. ಮೈದುನ ಮಾತಿನಂತೆ ಕರೆದುಕೊಂಡು ಹೋಗಿ ಜಾಗ ತೋರಿಸಿದನಂತೆ. ಈಗ ಇಬ್ಬರ ಮನೆಗೂ ಹೋಗಿಬರುವುದು ಇದೆಯಂತೆ. “ಬೈಕಂಡು ಬೈಕಂಡೇ ಅವ್ನಿಗೆ ಮುದ್ದೆ ಇಕ್ಕದು ಸಾ,” ಎಂದಳು. ಅಷ್ಟು ವರ್ಷ ಯಾರಿಗೂ ಕೇಳಲಾಗದಿದ್ದ ಪ್ರಶ್ನೆಯನ್ನು ಆಗ ಅವಳಿಗೆ ಕೇಳಿದೆ.

“ಬಟ್ಟೆ ಎತ್ತಲಿಲ್ಲ, ಕಾಲು ನೋಡಿದ ಅನ್ನೋದನ್ನ ನಿನಗೆ ವಕೀಲರು ಹೇಳಿದ್ದಲ್ವೇನಮ್ಮ?”

ಅವಳು ನನ್ನನ್ನು ಅರ್ಥವಾಗದವಳಂತೆ ನೋಡಿದಳು. “ವಕೀಲ್ರಾ? ಅವ್ರು ಆಚೇಗೇ ಬರ್ಲಿಲ್ಲ ಸಾ. ಮೈದುನ ಈಚೆ ಬಂದಾಗ ಬಾಗ್ಲು ತೆರ್ದೇ ಇತ್ತು, ನಾನು ಇಣುಕಿದ್ದೆ. ಕಿಟ್ಕಿ ತಾವ ಬೆನ್ ತಿರುಗ್ಸಿ ನಿಂತಿದ್ರು, ನೀವೆಲ್ಲ ಬರೋಗಂಟ. ಸೂತಕ ಹಿಡಿದಿದ್ದು ಅಷ್ಟೇ ಸಾ ನಂಗೆ ಗೊತ್ತಿದ್ದು. ಮಿಕ್ಕಿದ್ದು ಆ ಕುರ್ಚೀಲಿ ಕುಂತ ಮ್ಯಾಕೆ ಬಂತು. ನನ್ ಬಾಯಿ ಆಡ್ತಿತ್ತು, ನಾನೂ ನಿಮ್ಮಂಗೇ ಕೇಳುಸ್ಕಂತಿದ್ದೆ.”

ಬಿಸಿಲು ಜೋರಾಗಿತ್ತು. ನನ್ನ ತೋಳಿನ ಕೂದಲು ನಿಂತವು.

ಅವರು ಹೇಳಿರಲಿಲ್ಲ. ಮಾಡದ ತಪ್ಪನ್ನು ನಾನು ಅವರ ಮನೆಯ ಜಗಲಿಯಲ್ಲಿ ಕೂತು, ಅವರ ಕಾಫಿ ಕುಡಿಯುತ್ತ, ದೊಡ್ಡ ಮನಸ್ಸಿನಿಂದ ಕ್ಷಮಿಸಿ ಬಂದಿದ್ದೆ. ಲೋಕವೆಲ್ಲ ಅನುಮಾನಪಟ್ಟಾಗ, ಮೇಜಿನ ಈಚೆ ಕೂತ ಒಬ್ಬನಾದರೂ ತನ್ನನ್ನು ನಂಬಿದ್ದಾನೆ ಎಂದು ಅವರು ಅಂದುಕೊಂಡಿದ್ದರೇನೋ. ಅದನ್ನೂ ನಾನೇ ಹೋಗಿ ಕಸಿದುಕೊಂಡು ಬಂದೆ...

ಅವಳು ಕೈಯಲ್ಲಿದ್ದ ಬಟ್ಟೆ ಚೀಲವನ್ನು ನನ್ನ ಕಡೆ ಚಾಚಿದಳು. ಹಸಿ ಕಡಲೆಕಾಯಿ. ಮಗಳ ಮನೆಗೆಂದು ತಂದದ್ದಿರಬೇಕು. “ಇದ ವಕೀಲ್ರಿಗೆ ಕೊಟ್ಬುಡಿ ಸಾ. ಹೆಂಗವ್ರೆ ಅವ್ರು?”

ಹೇಳುವುದು ಸುಲಭವಿತ್ತು. ಎರಡು ಪದ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

“ಚೆನ್ನಾಗಿದ್ದಾರಮ್ಮ,” ಎಂದೆ.

ಅವಳು ಚೀಲ ಕೊಡಲಿಲ್ಲ. ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಮೈದುನ ಮೀಸೆ ಬೋಳಿಸಿಕೊಂಡು ಮನೆಗೆ ಬಂದ ದಿನ ಅವಳು ಅವನನ್ನು ಹೀಗೇ ನೋಡಿರಬೇಕು.

“ಯಾವತ್ತು ಸಾ?” ಎಂದಳು.

ನಾನು ಹೇಳಿದೆ. ಶಿವರಾತ್ರಿಯಾದ ಮೂರನೆಯ ದಿನ. ಬೆಳಗಿನ ಜಾವ.

ಚೀಲವನ್ನು ಬೆಂಚಿನ ಮೇಲಿಟ್ಟು, ನಿಲ್ದಾಣದ ಮೂಲೆಯ ನಲ್ಲಿಗೆ ಹೋದಳು. ಚಪ್ಪಲಿ ಬಿಟ್ಟಳು. ಬೊಗಸೆಯಲ್ಲಿ ನೀರು ಹಿಡಿದು, ನೆಂಟರು ಹೋದ ಸುದ್ದಿ ಕೇಳಿದವರು ಮಾಡುವ ಹಾಗೆ, ಸೆರಗಿನ ಮೇಲೇ ತಲೆಗೆ ಸುರಿದುಕೊಂಡಳು. ಎರಡೂ ಹದಿನೈದರ ಬಸ್ಸು ಹೊರಟಿತು. ನಾನು ಹತ್ತಲಿಲ್ಲ. ಅವಳು ಸರಿದು ಜಾಗ ಬಿಟ್ಟಾಗ, ಕನ್ನಡಕ ತೆಗೆದು ಜೇಬಿಗಿಟ್ಟು, ನಾನೂ ನಲ್ಲಿಯ ಕೆಳಗೆ ತಲೆ ಒಡ್ಡಿದೆ.